ಕದಲದ ಕೈ

ಪರದೆಯ ಎಡತುದಿಯಲ್ಲಿ ತಾರೀಖು ಇದೆ: 2014ರ ಅಕ್ಟೋಬರ್ 22, ಬುಧವಾರ, ಬೆಳಿಗ್ಗೆ ಸರಿಯಾಗಿ 10 ಗಂಟೆ. ಅಲ್ಲಿಂದ ಮೂರು ಗೆರೆಗಳು ಬಲಕ್ಕೆ ಹೊರಟಿವೆ. ಕೆಂಪು, ಹಸಿರು, ನೀಲಿ. ಮೂರೂ ಸಣ್ಣಗೆ ಅದುರುತ್ತಿವೆ. ಇಪ್ಪತ್ತು ನಿಮಿಷ ಅದುರಿ ಥಟ್ಟನೆ ನಿಲ್ಲುತ್ತವೆ. ಆಮೇಲೆ ಮೂರೂ ಒಮ್ಮೆಗೇ ಮೇಲಕ್ಕೆ ಹಾರಿ ಕೆಳಗೆ ಬೀಳುತ್ತವೆ. ಮತ್ತೆ ಅದುರತೊಡಗುತ್ತವೆ.

ಯಾರ ಕೈ ಹೀಗಾಡುತ್ತದೆ? ನೀವು ಕುರ್ಚಿ ಮುಂದಕ್ಕೆಳೆದುಕೊಂಡು ನೋಡುತ್ತೀರಿ. ಅದುರುವಾಗಲೂ ಕೆಂಪು ಗೆರೆ ತನ್ನ ಎತ್ತರ ಬಿಟ್ಟಿಲ್ಲ, ನೀಲಿಯೂ ಬಿಟ್ಟಿಲ್ಲ. ಎಚ್ಚರವಾಗಿರುವ ಮನುಷ್ಯನ ಮಣಿಕಟ್ಟು ಇಪ್ಪತ್ತು ನಿಮಿಷ ಒಂದೇ ಓರೆಯಲ್ಲಿ ಇರುವುದು ಅಪರೂಪ. ಅದು ಮೂಗು ತುರಿಸುತ್ತದೆ, ಕನ್ನಡಕ ಸರಿಮಾಡುತ್ತದೆ, ಕಪ್ಪು ಎತ್ತುತ್ತದೆ. ಪ್ರತಿ ಸಲವೂ ಗೆರೆಗಳು ಜಾಗ ಬದಲಿಸುತ್ತವೆ. ಇಲ್ಲಿ ಜಾಗ ಬದಲಾಗಿಲ್ಲ, ಬರೀ ನಡುಕ ಇದೆ. ಇದು ಕೈಯಲ್ಲ, ಅಂಚೆಯ ವ್ಯಾನು. ಸೋಮವಾರ ಲಕೋಟೆ ಸೇರಿದ ಯಂತ್ರ ಬುಧವಾರ ಹತ್ತಕ್ಕೆ ತಾನಾಗಿ ಎಚ್ಚೆತ್ತು ಬರೆಯತೊಡಗಿದೆ, ಲಕೋಟೆ ಮಾತ್ರ ಇನ್ನೂ ಮನೆ ಮುಟ್ಟಿಲ್ಲ.

ನೀವು ಕೂತಿರುವುದು ಆಕ್ಸ್‌ಫರ್ಡಿನ ಹೆಡಿಂಗ್ಟನ್ ಕಡೆ, ಓಲ್ಡ್ ರೋಡ್ ಕ್ಯಾಂಪಸ್ಸಿನ ಒಂದು ಕೋಣೆಯಲ್ಲಿ. ಮುಂದಿರುವುದು ಯುಕೆ ಬಯೋಬ್ಯಾಂಕಿನ ಬಗೆಯ ಫೈಲು. 2006ರಿಂದ 2010ರವರೆಗೆ ಬ್ರಿಟನ್ನಿನಲ್ಲಿ 40ರಿಂದ 69 ವಯಸ್ಸಿನ 5 ಲಕ್ಷ ಮಂದಿ ರಕ್ತ ಕೊಟ್ಟು, ಅಳತೆ ಕೊಟ್ಟು, ನೂರಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸೇರಿಕೊಂಡ ದೊಡ್ಡ ಅಧ್ಯಯನ ಅದು. ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದು ಬಾಯಲ್ಲಿ ಕೇಳಿದರೆ ಬರುವ ಉತ್ತರ ಎಂಥದ್ದು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಗಾಗಿ 2013ರಿಂದ 2015ರವರೆಗೆ ಅವರಲ್ಲಿ 2,36,519 ಮಂದಿಗೆ ಈಮೇಲ್ ಹೋಯಿತು: ಒಂದು ವಾರ ಇದನ್ನು ಕೈಗೆ ಕಟ್ಟಿಕೊಳ್ಳುವಿರಾ? ಒಪ್ಪಿದವರ ಮನೆಗೆ ಲಕೋಟೆಯಲ್ಲಿ ಯಂತ್ರ ಹೋಗಿ, ಅಂಚೆವೆಚ್ಚ ಕಟ್ಟಿದ್ದ ಇನ್ನೊಂದು ಲಕೋಟೆಯಲ್ಲಿ ವಾಪಸು ಬಂತು. ಕೊನೆಗೆ ಕೈಸೇರಿದ್ದು 1,03,712 ಫೈಲು.

ನಿಮ್ಮ ಮುಂದಿರುವುದು ಅವುಗಳಲ್ಲಿ ಯಾವುದೂ ಅಲ್ಲ. ಅಂಥ ಫೈಲುಗಳಲ್ಲಿ ಬರುವ ತಾಪತ್ರಯಗಳನ್ನೆಲ್ಲ ಒಂದೇ ವಾರಕ್ಕೆ ಒಟ್ಟುಗೂಡಿಸಿ ನಾನು ಕಟ್ಟಿದ ಫೈಲು ಇದು. ನಿಜವಾದ ಒಬ್ಬರ ವಾರದಲ್ಲಿ ಇಷ್ಟೆಲ್ಲ ಒಟ್ಟಿಗೆ ಬಂದರೆ ಅವರ ಗ್ರಹಚಾರ ಸರಿಯಿಲ್ಲ ಎಂದೇ ಹೇಳಬೇಕು. ಇನ್ನೊಂದು ಮಾತು: ಒಂದು ಲಕ್ಷ ಫೈಲುಗಳನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ, ಪ್ರೋಗ್ರಾಮು ನೋಡುತ್ತದೆ. ಅದು ಏನನ್ನು ನೋಡುತ್ತದೆ, ಏನು ಅದರ ಕಣ್ಣಿಗೆ ಬೀಳುವುದಿಲ್ಲ ಎಂದು ತಿಳಿಯಬೇಕಾದರೆ ಒಮ್ಮೆಯಾದರೂ ಅದರ ಪಕ್ಕ ಕೂರಬೇಕು. ಇವತ್ತು ನೀವು ಕೂತಿದ್ದೀರಿ.

ಮಧ್ಯಾಹ್ನ 1 ಗಂಟೆ 40 ನಿಮಿಷ. ಗೆರೆಗಳು ಏಕಾಏಕಿ ಗಲಿಬಿಲಿಯಾಗುತ್ತವೆ. ಲಕೋಟೆ ಹರಿದಿದೆ, ಪಟ್ಟಿ ಕೈಗೆ ಹತ್ತಿದೆ. ಯಂತ್ರದ ಹೆಸರು ಆಕ್ಸಿವಿಟಿ ಎಎಕ್ಸ್3. ತೂಕ 11 ಗ್ರಾಂ. ಗಂಟೆ ತೋರಿಸುವುದಿಲ್ಲ, ಹೆಜ್ಜೆ ಎಣಿಸಿ ಹೇಳುವುದಿಲ್ಲ, ಇಷ್ಟು ನಡೆದಿರಿ ಭೇಷ್ ಎಂದು ಬೆನ್ನು ತಟ್ಟುವುದಿಲ್ಲ. ಅದಕ್ಕೆ ಪರದೆಯೇ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದು, ಅಳೆಯುವುದನ್ನು ಕಂಡ ಮನುಷ್ಯ ಬೇರೆ ರೀತಿ ನಡೆದುಕೊಳ್ಳುತ್ತಾನಲ್ಲ. ಬಲಗೈಯವರು ಬಲಗೈಗೆ, ಎಡಚರು ಎಡಗೈಗೆ ಕಟ್ಟಬೇಕು, ಸ್ನಾನಕ್ಕೂ ನಿದ್ದೆಗೂ ಬಿಚ್ಚಬಾರದು. ಒಳಗಿನ ಚಿಪ್ಪು ಸೆಕೆಂಡಿಗೆ 100 ಸಲ, ಮೂರು ದಿಕ್ಕಿನಲ್ಲಿ, ತನ್ನ ಮೇಲೆ ಬೀಳುವ ಬಲವನ್ನು ಬರೆದುಕೊಳ್ಳುತ್ತದೆ. ಏಳು ದಿನಕ್ಕೆ 6,04,80,000 ಸಲ. ಮೂರು ದಿಕ್ಕಿನದೂ ಸೇರಿದರೆ 18 ಕೋಟಿ ದಾಟುತ್ತದೆ. ಇಷ್ಟು ಅಂಕಿಗಳಲ್ಲಿ ಆ ಮನುಷ್ಯನ ಹೆಸರಿಲ್ಲ, ವಯಸ್ಸಿಲ್ಲ, ಊರಿಲ್ಲ. ನಿಮಗೆ ಗೊತ್ತಾಗುವುದು ಒಂದು ಕೈ ಮಾತ್ರ.

ಗುರುವಾರದ ಬೆಳಗನ್ನು ಹಿಗ್ಗಿಸಿ ನೋಡಿ. ಈಗ ಗೆರೆಗಳಲ್ಲಿ ಒಂದು ತಾಳ ಕಾಣುತ್ತದೆ, ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಗುಡ್ಡ. ನಡಿಗೆ. ಹನ್ನೆರಡು ನಿಮಿಷ ನಡೆದು ನಿಂತಿತು, ಮತ್ತೆ ಹನ್ನೆರಡು ನಿಮಿಷ ನಡೆಯಿತು. ಅಂಗಡಿಗೆ ಹೋಗಿ ಬಂದಿರಬಹುದು, ನಾಯಿಯನ್ನು ಕರೆದುಕೊಂಡು ಹೋಗಿರಬಹುದು. ಊಹೆ ಮಾಡುವ ಚಪಲ ಇಲ್ಲಿ ಬಲು ಬೇಗ ಹತ್ತುತ್ತದೆ. ತಡೆದುಕೊಳ್ಳಿ. ಈಗ ಕೇಳಬೇಕಾದದ್ದು ಕೈ ಏನು ಮಾಡಿತು ಎಂದಲ್ಲ, ಯಂತ್ರ ಹೇಳುತ್ತಿರುವುದು ನಿಜವೇ ಎಂದು.

ಕಿರಾಣಿ ಅಂಗಡಿಯಲ್ಲಿ ಸಾಮಾನು ಹಾಕುವ ಮುಂಚೆ ಖಾಲಿ ತಕ್ಕಡಿಯ ಮುಳ್ಳು ನಡುಮಧ್ಯೆ ನಿಂತಿದೆಯೇ ಎಂದು ನೋಡುವುದಿಲ್ಲವೇ, ಇಲ್ಲಿಯೂ ಮೊದಲ ಕೆಲಸ ಅದೇ. ಆದರೆ ಈ ತಕ್ಕಡಿ ಯಾರದೋ ಮನೆಯಲ್ಲಿ, ಯಾರದೋ ಕೈಯಲ್ಲಿ ಇತ್ತು, ಅದನ್ನು ಖಾಲಿ ಇಟ್ಟು ನೋಡಿದವರಿಲ್ಲ. ಹಾಗಿದ್ದರೆ ಮುಳ್ಳು ನೋಡುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯ ನನಗೆ ಈ ಇಡೀ ಕಸುಬಿನಲ್ಲೇ ಅತಿ ಚೆಂದದ ಭಾಗ ಅನಿಸುತ್ತದೆ. ಯಂತ್ರ ಅಲುಗಾಡದೆ ಇದ್ದಾಗ ಅದರ ಮೇಲಿರುವುದು ಭೂಮಿಯ ಸೆಳೆತ ಒಂದೇ. ಅದು ಯಾವ ಓರೆಯಲ್ಲೇ ಇರಲಿ, ಮೂರು ದಿಕ್ಕಿನ ಅಂಕಿಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 1 ಜಿ ಬರಬೇಕು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನಿದ್ದೆಯಲ್ಲಿ, ಕೂತಾಗ, ಪುಸ್ತಕ ಹಿಡಿದಾಗ ವಾರದಲ್ಲಿ ಇಂಥ ಹತ್ತು ಸೆಕೆಂಡಿನ ನಿಶ್ಚಲ ಗಳಿಗೆಗಳು ಸಾವಿರಾರು ಸಿಗುತ್ತವೆ.

ಅವನ್ನೆಲ್ಲ ಆರಿಸಿ ಮೂರು ಅಕ್ಷಗಳ ಜಾಗದಲ್ಲಿ ಚುಕ್ಕಿ ಇಡುತ್ತಾ ಹೋಗಿ. ಯಂತ್ರ ಸರಿಯಿದ್ದರೆ ಚುಕ್ಕಿಗಳು ಒಂದು ಗೋಲದ ಮೈಮೇಲೆ ಕೂರುತ್ತವೆ. ನಿಮ್ಮ ಪರದೆಯಲ್ಲಿ ಕೂತಿಲ್ಲ. ಗೋಲ ಒಂದು ಕಡೆ ಸ್ವಲ್ಪ ಉಬ್ಬಿದೆ, ನಡುಬಿಂದು ಸ್ವಲ್ಪ ಪಕ್ಕಕ್ಕೆ ಸರಿದಿದೆ. ಎಷ್ಟು? ಸುಮಾರು 20 ಮಿಲಿ-ಜಿ, ಅಂದರೆ ಭೂಮಿಯ ಸೆಳೆತದ ಸಾವಿರದಲ್ಲಿ ಇಪ್ಪತ್ತು ಪಾಲು. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೇ? ಬೇಕು. ಒಟ್ಟು ಅಂಕಿಯಿಂದ ಆ 1 ಜಿ ಕಳೆದು ಉಳಿದದ್ದನ್ನೇ ಇಲ್ಲಿ ಚಲನೆ ಎಂದು ಎಣಿಸುವುದು. ಈ ಲಕ್ಷ ಜನರಲ್ಲಿ ಒಬ್ಬರ ಇಡೀ ವಾರದ ಸರಾಸರಿ ಚಲನೆ ಸುಮಾರು 28 ಮಿಲಿ-ಜಿ. ಗಾಢ ನಿದ್ದೆಯಲ್ಲಿರುವ ಕೈಗೂ 20 ಅಂಕ ಪುಕ್ಕಟೆ ಕೊಡುವ ಯಂತ್ರ ಸೋಮಾರಿಯನ್ನು ಓಟಗಾರನನ್ನಾಗಿ ಮಾಡಿಬಿಡುತ್ತದೆ.

ತಿದ್ದುವುದು ಕಷ್ಟವಲ್ಲ. ಚುಕ್ಕಿಗಳು ಗೋಲದ ಮೇಲೆ ಕೂರುವವರೆಗೆ ಪ್ರತಿ ಅಕ್ಷವನ್ನೂ ಒಂದಿಷ್ಟು ಸರಿಸಿ, ಒಂದಿಷ್ಟು ಹಿಗ್ಗಿಸಿ ಕುಗ್ಗಿಸಿ ಲೆಕ್ಕ ಹಾಕುತ್ತಾರೆ. ಚಿಪ್ಪು ಬಿಸಿಲಿಗೆ ಒಂದು ರೀತಿ, ಚಳಿಗೆ ಒಂದು ರೀತಿ ಓದುವುದರಿಂದ ಯಂತ್ರ ತಾನೇ ಬರೆದಿಟ್ಟ ಉಷ್ಣತೆಯನ್ನೂ ಸೇರಿಸಿಕೊಳ್ಳುತ್ತಾರೆ. ವಿನ್ಸೆಂಟ್ ವಾನ್ ಹೀಸ್ ಮತ್ತು ಜೊತೆಗಾರರು ನಾಲ್ಕು ಖಂಡಗಳ ದತ್ತಾಂಶದ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವಿಧಾನ ಇದು. ಜನ ಬದುಕಿದ್ದನ್ನೇ ಬಳಸಿ ಯಂತ್ರವನ್ನು ತಿದ್ದುವ ವಿಧಾನ.

ಒಂದು ತೊಡಕಿದೆ. ಗೋಲ ಮೂಡಬೇಕಾದರೆ ಚುಕ್ಕಿಗಳು ಅದರ ಎಲ್ಲ ಮಗ್ಗುಲಿನಲ್ಲೂ ಬೀಳಬೇಕು. ಪ್ರತಿ ಅಕ್ಷದಲ್ಲೂ ಎರಡೂ ಕಡೆಗೆ ಕನಿಷ್ಠ 300 ಮಿಲಿ-ಜಿ ದಾಟಿದ ನಿಶ್ಚಲ ಗಳಿಗೆಗಳು ಬೇಕು. ಯಂತ್ರವನ್ನು ಒಂದು ದಿನ ಕಟ್ಟಿ ಆರು ದಿನ ಮೇಜಿನ ಮೇಲಿಟ್ಟವರ ಫೈಲಿನಲ್ಲಿ ಚುಕ್ಕಿಗಳೆಲ್ಲ ಒಂದೇ ಕಡೆ ಗುಂಪುಗೂಡಿರುತ್ತವೆ, ಅದರಿಂದ ಗೋಲ ಕಟ್ಟಲಾಗದು. ಆಗ ಏನು ಮಾಡುತ್ತಾರೆ ಗೊತ್ತೇ? ಅದೇ ಯಂತ್ರವನ್ನು ಅದಕ್ಕೂ ಹಿಂದೆ ಕಟ್ಟಿಕೊಂಡಿದ್ದ ಬೇರೊಬ್ಬರ ವಾರದಿಂದ ಬಂದ ತಿದ್ದುಪಡಿಯನ್ನು ಇವರಿಗೂ ಹಚ್ಚುತ್ತಾರೆ. ಒಬ್ಬರನ್ನೊಬ್ಬರು ಎಂದೂ ನೋಡದ ಇಬ್ಬರು. ಒಬ್ಬರು ನಿದ್ದೆಯಲ್ಲಿ ಹೊರಳಿದ್ದು ಇನ್ನೊಬ್ಬರ ಲೆಕ್ಕವನ್ನು ಸರಿಮಾಡುತ್ತದೆ. ಫೈಲಿನ ಪಕ್ಕದ ಕಾಲಂನಲ್ಲಿ ಒಂದು ಗುರುತು ಬೀಳುತ್ತದೆ: ಸ್ವಂತ ದತ್ತಾಂಶದಿಂದ ತಿದ್ದಿದ್ದೇ, ಅಲ್ಲವೇ. ಈ ಗುರುತು ಹಾಕುವ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ.

ನಿಮ್ಮ ಕೈ ಸಾಕಷ್ಟು ಹೊರಳಾಡಿದೆ, ಸ್ವಂತ ತಿದ್ದುಪಡಿಯೇ ಸಿಕ್ಕಿತು. ಮುಂದಕ್ಕೆ ಹೋಗಿ.

ಶುಕ್ರವಾರ ಬೆಳಿಗ್ಗೆ ಗೆರೆಗಳು ಮೇಲಿನ ಅಂಚಿಗೆ ಹೋಗಿ ತಲೆ ಚಪ್ಪಟೆಯಾಗಿ ನಿಂತಿವೆ. ಯಂತ್ರ ಅಳೆಯುವುದು ಎರಡೂ ಕಡೆ 8 ಜಿ ತನಕ ಮಾತ್ರ. ಅದಕ್ಕಿಂತ ಜೋರಾದ ಪೆಟ್ಟು ಬಿದ್ದರೂ ಅದು ಬರೆಯುವುದು 8. ಸುತ್ತಿಗೆ ಹೊಡೆದಿರಬಹುದು, ಸೌದೆ ಒಡೆದಿರಬಹುದು. ಕೆಲವು ನಿಮಿಷಗಳಾದರೆ ಚಿಂತೆಯಿಲ್ಲ. ಇಡೀ ಫೈಲಿನಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಅಂಕಿಗಳು ಹೀಗೆ ಅಂಚು ಮುಟ್ಟಿದ್ದರೆ ಆ ಕೈಯ ಬಗ್ಗೆ ಏನೂ ಹೇಳಲಾಗದು, ಕೆಟ್ಟಿರುವುದು ಯಂತ್ರ.

ಇಂಥ ಕಾಯಿಲೆಗಳ ಪಟ್ಟಿ ಅಟ್ಲಾಂಟಿಕ್‌ನ ಆಚೆ ಇನ್ನೂ ಉದ್ದವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಎನ್‌ಹೇನ್ಸ್ 2011ರಿಂದ 2014ರವರೆಗೆ ಜನರ ಕೈಗೆ ಸೆಕೆಂಡಿಗೆ 80 ಸಲ ಬರೆಯುವ ಯಂತ್ರ ಕಟ್ಟಿತು. ಅಲ್ಲಿ ಪ್ರೋಗ್ರಾಮು ಹುಡುಕುವ ದೋಷಗಳಲ್ಲಿ ಕೆಲವು: ಒಂದೇ ಅಂಕಿ, ಸೊನ್ನೆಯೂ ಅಲ್ಲದ್ದು, ಎಡೆಬಿಡದೆ ಮರುಕಳಿಸುವುದು. ಒಂದು ಕ್ಷಣದಲ್ಲಿ ನಂಬಲಾಗದ ಎತ್ತರಕ್ಕೆ ನೆಗೆದು ಮರಳುವುದು. ಅಂಚು ಮುಟ್ಟಿ ಅಲ್ಲೇ ಕೂರುವುದು. ಇನ್ನೊಂದರ ಹೆಸರೇ ಅಸಾಧ್ಯ ಗುರುತ್ವ: ಯಂತ್ರ ಅಲುಗಾಡದೆ ಇದೆ, ಆದರೂ ಅದರ ಪ್ರಕಾರ ಭೂಮಿಯ ಸೆಳೆತ 1 ಜಿ ಅಲ್ಲ. ಅದೇ ಸಮೀಕ್ಷೆ 2003ರಲ್ಲಿ ಸೊಂಟದ ಪಟ್ಟಿಗೆ ಸಿಕ್ಕಿಸಿದ್ದ ಹಳೆಯ ಯಂತ್ರ ಕೆಲವೊಮ್ಮೆ ನಿಮಿಷಕ್ಕೆ 32,767 ಎಂದು ಬರೆಯುತ್ತಿತ್ತು. ನೋಡಿದವರಿಗೆ ತಕ್ಷಣ ಅರ್ಥವಾಗುತ್ತಿತ್ತು. ಋಣ ಅಂಕಿಗೂ ಜಾಗ ಬಿಟ್ಟ ಹದಿನಾರು ಬಿಟ್‌ನ ಡಬ್ಬಿಯಲ್ಲಿ ಹಿಡಿಸುವ ಅತಿ ದೊಡ್ಡ ಅಂಕಿ ಅದು, ಯಾವ ಮನುಷ್ಯನ ಓಟವೂ ಅಲ್ಲ.

ಇವೆಲ್ಲ ಸುಲಭದ ತಪ್ಪುಗಳು. ಕಿರುಚುವ ತಪ್ಪನ್ನು ಹಿಡಿಯಲು ದೊಡ್ಡ ಜಾಣತನ ಬೇಡ. ಕಷ್ಟ ಇರುವುದು ಶನಿವಾರ ಮಧ್ಯಾಹ್ನದಲ್ಲಿ.

3 ಗಂಟೆ 10 ನಿಮಿಷಕ್ಕೆ ಮೂರೂ ಗೆರೆಗಳು ನೇರವಾಗಿವೆ. ಅದುರಿಲ್ಲ, ಏರಿಳಿತವಿಲ್ಲ. 4 ಗಂಟೆ 20ರವರೆಗೆ ಹಾಗೆಯೇ. ಎಪ್ಪತ್ತು ನಿಮಿಷ. ಆಮೇಲೆ ಕೈ ಎದ್ದು ತನ್ನ ಪಾಡಿಗೆ ಓಡಾಡಿಕೊಂಡಿದೆ. ಈ ಎಪ್ಪತ್ತು ನಿಮಿಷ ಏನು? ಯಂತ್ರ ಬಿಚ್ಚಿ ಮೇಜಿನ ಮೇಲಿಟ್ಟರೇ, ಅಥವಾ ಕೈಯಲ್ಲೇ ಇತ್ತೇ, ಕೈ ಕದಲಲಿಲ್ಲವೇ?

ಈ ಕಸುಬಿನವರೆಲ್ಲ ಬಂದು ಮುಗ್ಗರಿಸುವ ಜಾಗ ಇದೇ. ಬಿಚ್ಚಿಟ್ಟ ಯಂತ್ರವೂ ಸೊನ್ನೆ ಬರೆಯುತ್ತದೆ, ಸುಮ್ಮನಿರುವ ಮನುಷ್ಯನೂ ಸೊನ್ನೆ ಬರೆಸುತ್ತಾನೆ. ಮೊದಲನೆಯದನ್ನು ಲೆಕ್ಕದಿಂದ ತೆಗೆಯಬೇಕು, ಎರಡನೆಯದನ್ನು ಇಟ್ಟುಕೊಳ್ಳಲೇಬೇಕು. ಅಧ್ಯಯನ ಹುಡುಕುತ್ತಿರುವುದೇ ಎರಡನೆಯದನ್ನು: ಜನ ಎಷ್ಟು ಹೊತ್ತು ಸುಮ್ಮನೆ ಕೂರುತ್ತಾರೆ, ಅದು ಹೃದಯಕ್ಕೆ ಏನು ಮಾಡುತ್ತದೆ, ಸಕ್ಕರೆ ಕಾಯಿಲೆಗೆ ಏನು ಮಾಡುತ್ತದೆ.

ಬಯೋಬ್ಯಾಂಕಿನ ನಿಯಮ ಸರಳ. ಮೂರೂ ಅಕ್ಷಗಳಲ್ಲಿ ಅಂಕಿಗಳ ಚದುರಿಕೆ 13 ಮಿಲಿ-ಜಿಗಿಂತ ಕಡಿಮೆ ಇದ್ದು, ಹಾಗೆಯೇ 60 ನಿಮಿಷ ಅಥವಾ ಅದಕ್ಕೂ ಹೆಚ್ಚು ಮುಂದುವರಿದರೆ, ಅದು ಕಟ್ಟಿರದ ಸಮಯ. ನಿದ್ದೆಯಲ್ಲೂ ಮನುಷ್ಯ ಒಂದು ಗಂಟೆಯೊಳಗೆ ಎಲ್ಲೋ ಒಮ್ಮೆ ಮಿಸುಕುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ನಂಬಿಕೆ ಬಹುಮಟ್ಟಿಗೆ ಸರಿ. ಶನಿವಾರದ ಎಪ್ಪತ್ತು ನಿಮಿಷ ನಿಯಮದ ಒಳಗೆ ಬೀಳುತ್ತದೆ. ಪ್ರೋಗ್ರಾಮು ಅಲ್ಲಿ ಬೂದು ಬಣ್ಣ ತುಂಬಿ ಮುಂದೆ ಹೋಗಿದೆ.

ನೀವು ಮಾತ್ರ ಅಲ್ಲೇ ನಿಂತಿದ್ದೀರಿ. ನಿಶ್ಚಲ ಗೆರೆಗಳ ಎತ್ತರ ನೋಡಿ, ಲೆಕ್ಕ ಹಾಕಿ: ಯಂತ್ರ ನೆಲಕ್ಕೆ ಸಮನಾಗಿಲ್ಲ, ಹತ್ತಿರಹತ್ತಿರ 40 ಡಿಗ್ರಿ ಓರೆಯಾಗಿದೆ. ಮೇಜಿನ ಮೇಲಿಟ್ಟರೆ ಸಾಮಾನ್ಯವಾಗಿ ಮಟ್ಟಸವಾಗಿಯೋ ಅಡ್ಡವಾಗಿಯೋ ಬೀಳುತ್ತದೆ. ಪಟ್ಟಿ ಬಿಚ್ಚುವಾಗ, ಕಟ್ಟುವಾಗ ಬರುವ ತಡಕಾಟ ಎರಡೂ ತುದಿಯಲ್ಲಿ ಇಲ್ಲ. ಈಗ ಉಷ್ಣತೆಯ ಗೆರೆಯನ್ನು ಕರೆಯಿರಿ. ಬಿಚ್ಚಿಟ್ಟ ಯಂತ್ರ ಕ್ರಮೇಣ ಕೋಣೆಯಷ್ಟು ತಣ್ಣಗಾಗುತ್ತದೆ. ಇದು ಆಗಿಲ್ಲ, ಎಪ್ಪತ್ತು ನಿಮಿಷವೂ ಬೆಚ್ಚಗಿದೆ. ಅಲ್ಲೊಂದು ಮೈ ಇತ್ತು. ಆರಾಮಕುರ್ಚಿಯ ತೋಳಿನ ಮೇಲೆ ಕೈ ಇಟ್ಟು ಯಾರೋ ಅಲುಗಾಡದೆ ಕೂತಿದ್ದರು, ಅಥವಾ ಜೊಂಪು ಹತ್ತಿತ್ತು. ಪ್ರೋಗ್ರಾಮಿನ ನಿಯಮ ಉಷ್ಣತೆಯನ್ನು ಕೇಳುವುದಿಲ್ಲ. ಅದರ ಪಾಲಿಗೆ ಆ ಮನುಷ್ಯ ಅಲ್ಲಿ ಇರಲೇ ಇಲ್ಲ.

ಬೆಳಗಿನ ವ್ಯಾನು ನೆನಪಿದೆಯಲ್ಲ? ವ್ಯಾನಿನ ನಡುಕ 13 ಮಿಲಿ-ಜಿ ದಾಟಿತ್ತು. ಹಾಗಾಗಿ ಬುಧವಾರ ಅದು ಓಡಿದ ಹೊತ್ತನ್ನೆಲ್ಲ ಪ್ರೋಗ್ರಾಮು ಕಟ್ಟಿದ್ದ ಸಮಯ ಎಂದು ಬರೆದುಕೊಂಡಿದೆ. ಬದುಕಿದ್ದ ಮನುಷ್ಯ ಇಲ್ಲ, ಅಂಚೆಯ ಚೀಲ ಇದೆ. ಲಕ್ಷ ಫೈಲುಗಳ ಸರಾಸರಿಯಲ್ಲಿ ಇಂಥವು ಮುಳುಗಿಹೋಗುತ್ತವೆ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಎಲ್ಲ ತಪ್ಪುಗಳೂ ಎರಡೂ ಕಡೆಗೆ ಸಮನಾಗಿ ಬೀಳುವುದಿಲ್ಲ. ವ್ಯಾನು ಯಾರ ಲಕೋಟೆಯನ್ನು ಬೇಕಾದರೂ ತಡ ಮಾಡಬಹುದು. ಅಲುಗಾಡದೆ ಗಂಟೆಗಟ್ಟಲೆ ಕೂರುವವರು ಮಾತ್ರ ಯಾರೋ ಅಲ್ಲ. ಅವರು ಹೆಚ್ಚಾಗಿ ವಯಸ್ಸಾದವರು, ಕಾಯಿಲೆಯವರು, ಮೈಭಾರ ಇರುವವರು.

ಸೊಂಟದ ಯಂತ್ರದ ಕಾಲದಲ್ಲಿ ಇದು ಇನ್ನೂ ತೀವ್ರವಾಗಿತ್ತು. ರಿಚರ್ಡ್ ಟ್ರಯಾನೊ ಮತ್ತು ಸಂಗಡಿಗರು 2008ರಲ್ಲಿ ಎನ್‌ಹೇನ್ಸ್‌ನ ಮೊದಲ ಲೆಕ್ಕ ಹೊರಗಿಟ್ಟಾಗ ಅಮೆರಿಕ ಬೆಚ್ಚಿತು: ದಿನಕ್ಕೆ ಅರ್ಧ ಗಂಟೆಯ ವ್ಯಾಯಾಮದ ಸಲಹೆಯನ್ನು ಪಾಲಿಸುತ್ತಿದ್ದ ವಯಸ್ಕರು ಶೇಕಡಾ 5ಕ್ಕಿಂತ ಕಡಿಮೆ. ಬಾಯಲ್ಲಿ ಕೇಳಿದಾಗ ಅರ್ಧದಷ್ಟು ಜನ ಹೌದೆನ್ನುತ್ತಿದ್ದರು. ಆ ಲೆಕ್ಕದ ಅಡಿಯಲ್ಲಿದ್ದ ನಿಯಮ: ಸತತ 60 ನಿಮಿಷ ಸೊನ್ನೆ ಬಂದರೆ ಯಂತ್ರ ಕಟ್ಟಿಲ್ಲ, ನಡುವೆ ಒಂದೆರಡು ನಿಮಿಷದ ಸಣ್ಣ ಅಲುಗಾಟ ಬಂದರೆ ಅದನ್ನು ಲೆಕ್ಕಿಸಬೇಡಿ, ದಿನಕ್ಕೆ 10 ಗಂಟೆ ಕಟ್ಟಿದ್ದರೆ ಅದು ಒಳ್ಳೆಯ ದಿನ. ಕೈಯಾದರೆ ಪುಟ ತಿರುಗಿಸುತ್ತದೆ, ಸೊಂಟಕ್ಕೆ ಅಂಥ ಕೆಲಸವಿಲ್ಲ. ಟಿವಿ ಮುಂದೆ ಒಂದೂಕಾಲು ಗಂಟೆ ಕೂತ ಅಜ್ಜಿಯ ಸೊಂಟ ಸೊನ್ನೆಯಲ್ಲದೆ ಮತ್ತೇನು ಬರೆಯಬೇಕು? 2011ರಲ್ಲಿ ಲೀನಾ ಚೋಯಿ ಮತ್ತು ಜೊತೆಗಾರರು 60 ಸಾಲದು, 90 ನಿಮಿಷ ಮಾಡಿ ಎಂದರು. ಈ ಗಡುವು ಅರ್ಧ ಗಂಟೆ ದೊಡ್ಡದಾದರೆ ಸಾಕು, ಇಲ್ಲದಂತಾಗಿದ್ದ ಅಜ್ಜಿ ಲೆಕ್ಕಕ್ಕೆ ಮರಳಿ ಬರುತ್ತಾಳೆ. ಆಕೆಯ ಕೂತ ಸಮಯ ಏರುತ್ತದೆ. ಅಜ್ಜಿ ಬದಲಾಗಿಲ್ಲ.

ಮಕ್ಕಳ ಕಡೆಗೆ ತಿರುಗಿದರೆ ತದ್ವಿರುದ್ಧ. ಅವರು ಒಂದು ಗಂಟೆ ಸುಮ್ಮನಿರುವುದುಂಟೇ! ಹಲವು ಅಧ್ಯಯನಗಳಲ್ಲಿ ಮಕ್ಕಳಿಗೆ 20 ನಿಮಿಷದ ಸೊನ್ನೆಯೇ ಸಾಕು, ಬಿಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಲು. ಇಲ್ಲಿ ಮೈಸೂರು ನೆನಪಾಗುತ್ತದೆ. ಮೈಸೂರಿಗರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಆಗ ಹುಟ್ಟಿದ ಮಕ್ಕಳಲ್ಲಿ ಒಂದು ಗುಂಪಿಗೆ ಮುಂದೆ ಇದೇ ಜಾತಿಯ ಯಂತ್ರ ಕಟ್ಟಿ ಕಳಿಸಿದರು. ಭಾರತದ ಮಕ್ಕಳ ಮೇಲೆ ಇದು ನಡೆಯುತ್ತದೆಯೇ, ಮಕ್ಕಳು ಬಿಚ್ಚಿ ಎಸೆಯದೆ ಇರುತ್ತಾರೆಯೇ ಎಂದು ನೋಡಲು. ನಡೆಯುತ್ತದೆ ಎಂದು ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2009ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬರೆದರು. ಬ್ರಿಟನ್ನಿನ ಆರಾಮಕುರ್ಚಿಗೆ ಮಾಡಿದ ನಿಯಮವನ್ನು ಮೈಸೂರಿನ ಶಾಲೆಯ ಮೈದಾನಕ್ಕೆ ಹಾಗೆಯೇ ತಂದು ಹಚ್ಚಲಾಗದು. ನೆಲದ ಮೇಲೆ ಕೂರುವ, ಕುಕ್ಕರಗಾಲಿನಲ್ಲಿ ಕೆಲಸ ಮಾಡುವ, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುವ ಜನರ ಸೊನ್ನೆಗಳು ಬೇರೆ.

ಪರದೆಗೆ ಬನ್ನಿ. ಶನಿವಾರ ರಾತ್ರಿ ಕಳೆದು ಭಾನುವಾರ, ಅಕ್ಟೋಬರಿನ ಕೊನೆಯ ಭಾನುವಾರ. ಬ್ರಿಟನ್ನಿನಲ್ಲಿ ಅಂದು ನಸುಕಿನ 2 ಗಂಟೆಗೆ ಎಲ್ಲರ ಗಡಿಯಾರ ಹಿಂದಕ್ಕೆ ಹೋಗಿ ಮತ್ತೆ 1 ಗಂಟೆಯಾಗುತ್ತದೆ. ಕೈಯಲ್ಲಿದ್ದ ಯಂತ್ರಕ್ಕೆ ಈ ಸರ್ಕಾರಿ ಆಜ್ಞೆ ತಲುಪಿಲ್ಲ. ಭಾನುವಾರದಿಂದ ಆಚೆಗೆ ಅದರ ಸಮಯ ಮನೆಯ ಸಮಯಕ್ಕಿಂತ ಒಂದು ಗಂಟೆ ಮುಂದಿದೆ. ಏಳು ಗಂಟೆಗೆ ಎದ್ದವರು ಫೈಲಿನಲ್ಲಿ ಎಂಟಕ್ಕೆ ಏಳುತ್ತಾರೆ. ಭಾರತದಲ್ಲಿ ಕೂತು ಇದನ್ನು ಊಹಿಸಿಕೊಳ್ಳುವುದೇ ಕಷ್ಟ; ನಮಗೆ ವರ್ಷವಿಡೀ ಒಂದೇ ಸಮಯ. ಅಲ್ಲಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ, ಆ ವಾರ ಕಟ್ಟಿಕೊಂಡಿದ್ದ ಅಷ್ಟೂ ಜನರ ಫೈಲಿಗೆ ಒಂದು ಗುರುತು ಬೀಳುತ್ತದೆ. ನಿಮ್ಮ ಫೈಲಿಗೂ ಬಿತ್ತು.

ಸೋಮವಾರ ರಾತ್ರಿ 9ರಿಂದ ಮಂಗಳವಾರ ಬೆಳಿಗ್ಗೆ 7ರವರೆಗೆ ಮತ್ತೊಂದು ಉದ್ದನೆಯ ಸೊನ್ನೆ. ಇದರಲ್ಲಿ ಅನುಮಾನವಿಲ್ಲ: ಬಿಚ್ಚುವ ತಡಕಾಟ ಇದೆ, ಯಂತ್ರ ಮಟ್ಟಸವಾಗಿದೆ, ತಣ್ಣಗಾಗಿದೆ. ಪಟ್ಟಿ ಚುಚ್ಚಿರಬೇಕು. ಪ್ರೋಗ್ರಾಮೂ ನೀವೂ ಒಮ್ಮತಕ್ಕೆ ಬಂದ ಜಾಗ ಇದು, ಬೂದು ಬಣ್ಣವೇ ಸರಿ.

ಬೂದು ಬಣ್ಣದ ಕಿಂಡಿಗಳನ್ನು ಖಾಲಿ ಬಿಡುವಂತಿಲ್ಲ. ರಾತ್ರಿ ಬಿಚ್ಚಿಟ್ಟವರ ಉಳಿದ ಹೊತ್ತೆಲ್ಲ ಹಗಲೇ ಆದ್ದರಿಂದ ಅವರ ಸರಾಸರಿ ಏರಿಬಿಡುತ್ತದೆ, ಬಿಚ್ಚದವರಿಗೆ ಅನ್ಯಾಯವಾಗುತ್ತದೆ. ಅದಕ್ಕೆ ಕಿಂಡಿಯ ಪ್ರತಿ ನಿಮಿಷಕ್ಕೂ ಅದೇ ಮನುಷ್ಯನ ಬೇರೆ ದಿನಗಳ ಅದೇ ನಿಮಿಷದ ಸರಾಸರಿಯನ್ನು ತಂದು ತುಂಬುತ್ತಾರೆ. ಸೋಮವಾರದ ರಾತ್ರಿಗೆ ಇದು ಹೇಳಿ ಮಾಡಿಸಿದ ಉಪಾಯ: ಉಳಿದ ರಾತ್ರಿಗಳ ನಿದ್ದೆ ಈ ರಾತ್ರಿಗೂ ಬಂತು. ಗಡಿಯಾರದ ಒಂದು ಗಂಟೆಯ ಎಡವಟ್ಟು ಇದೆ, ಇರಲಿ. ಈಗ ಶನಿವಾರದ ಮಧ್ಯಾಹ್ನಕ್ಕೆ ಹೋಗಿ ನೋಡಿ. ಉಳಿದ ದಿನಗಳಲ್ಲಿ 3 ಗಂಟೆ 10ರಿಂದ 4 ಗಂಟೆ 20ರವರೆಗೆ ಈ ಕೈ ಚುರುಕಾಗಿತ್ತು. ನಡೆದಿದೆ, ಏನನ್ನೋ ಎತ್ತಿದೆ, ಬಹುಶಃ ತೋಟದ ಕೆಲಸ. ಆ ಚುರುಕೆಲ್ಲ ಈಗ ಶನಿವಾರಕ್ಕೆ ಬಂದು ಕೂತಿದೆ. ಕುರ್ಚಿಯಲ್ಲಿ ಜೊಂಪು ಹತ್ತಿದ್ದವರು ಎಪ್ಪತ್ತು ನಿಮಿಷ ತೋಟದಲ್ಲಿ ದುಡಿದಂತಾಯಿತು.

ವಾರಕ್ಕೆ ಹಂಚಿದರೆ ಇದು ಒಂದು ಮಿಲಿ-ಜಿಯೂ ಆಗದ ವ್ಯತ್ಯಾಸ, ಇದರಿಂದ ಯಾರ ಆರೋಗ್ಯದ ತೀರ್ಮಾನವೂ ಬುಡಮೇಲಾಗುವುದಿಲ್ಲ. ಆದರೂ ತಪ್ಪು ಯಾವ ಕಡೆಗೆ ವಾಲಿದೆ ನೋಡಿ. ಅತಿ ಸುಮ್ಮನಿದ್ದ ಗಳಿಗೆಯೇ ಮಾಯವಾಗಿ ಅಲ್ಲಿ ಚಟುವಟಿಕೆ ಬಂದಿದೆ. 2023ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಆನ್-ಕ್ಯಾಥ್ರಿನ್ ಶಾಲ್‌ಕಾಂಪ್, ಸಿಂಥಿಯಾ ಸಾಂಡೊರ್ ಮತ್ತು ಸಂಗಡಿಗರು ಇವೇ ಬಯೋಬ್ಯಾಂಕ್ ಫೈಲುಗಳನ್ನು ತೆರೆದು ನೇಚರ್ ಮೆಡಿಸಿನ್‌ನಲ್ಲಿ ಒಂದು ಸಂಗತಿ ಬರೆದರು. ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎಂದು ಹೇಳುವುದಕ್ಕೆ ಏಳು ವರ್ಷದಷ್ಟು ಮುಂಚೆಯೇ ಕೈಯ ಚಲನೆ ತಗ್ಗಿರುವುದು ಈ ಗೆರೆಗಳಲ್ಲಿ ಕಾಣುತ್ತದೆ. ಆ ಜನಕ್ಕೆ ಕಾಯಿಲೆ ಇದೆ ಎಂದು ಆಗಿನ್ನೂ ಯಾವ ವೈದ್ಯರೂ ಹೇಳಿರಲಿಲ್ಲ. ಅವರಲ್ಲಿ ಹುಡುಕಬೇಕಾಗಿದ್ದುದು ಇಂಥ ಕಡಿಮೆಯನ್ನೇ, ಕಡಿಮೆಯಾದದ್ದನ್ನು ಗೈರುಹಾಜರಿ ಎಂದುಕೊಳ್ಳುವ ನಿಯಮ ಕೈಯಲ್ಲಿಟ್ಟುಕೊಂಡು.

ಬುಧವಾರ ಬೆಳಿಗ್ಗೆ 10ಕ್ಕೆ ಗೆರೆಗಳು ನಿಲ್ಲುತ್ತವೆ. ಕೊನೆಯ ತಪಾಸಣೆ ಎರಡು ಪ್ರಶ್ನೆಗಳದ್ದು. ಕನಿಷ್ಠ 72 ಗಂಟೆ ಕಟ್ಟಿದ್ದರೇ? ಕಟ್ಟಿದ್ದರು, ಅದರ ಎರಡರಷ್ಟಕ್ಕೂ ಹೆಚ್ಚು. ದಿನದ 24 ಗಂಟೆಗಳಲ್ಲಿ ಪ್ರತಿಯೊಂದಕ್ಕೂ ಯಾವುದಾದರೊಂದು ದಿನದ ದತ್ತಾಂಶ ಇದೆಯೇ? ಇದೆ. ಎರಡನೆಯ ಪ್ರಶ್ನೆಯಲ್ಲಿ ಬಿದ್ದುಹೋಗುವವರು ಪ್ರತಿ ರಾತ್ರಿ ತಪ್ಪದೆ ಬಿಚ್ಚಿಟ್ಟವರು. ಹಗಲೆಲ್ಲ ನಿಷ್ಠೆಯಿಂದ ಕಟ್ಟಿದ್ದರೂ ಅವರ ರಾತ್ರಿಯನ್ನು ತುಂಬಲು ಒಂದು ರಾತ್ರಿಯೂ ಇಲ್ಲ. ಬಂದ 1,03,712 ಫೈಲುಗಳಲ್ಲಿ ಎಲ್ಲ ಜರಡಿ ದಾಟಿ ಉಳಿದದ್ದು 96,600. ಇಂಥ ದೊಡ್ಡ ಅಧ್ಯಯನಕ್ಕೆ ಇದು ಬಹಳ ಒಳ್ಳೆಯ ಫಲ, ಸುಳ್ಳು ಹೇಳಬಾರದು. ಜನ ಚೆನ್ನಾಗಿಯೇ ಕಟ್ಟಿಕೊಂಡಿದ್ದರು: ಮಧ್ಯದಲ್ಲಿ ನಿಂತವರ ಲೆಕ್ಕ ಏಳರಲ್ಲಿ 6.9 ದಿನ.

ನಿಮ್ಮ ಫೈಲು ಉಳಿದವುಗಳ ಸಾಲಿನಲ್ಲಿದೆ. ಪಕ್ಕದ ಕಾಲಂಗಳು ತುಂಬಿವೆ: ತಿದ್ದುಪಡಿ ಸ್ವಂತದ್ದು, ಗಡಿಯಾರ ಬದಲಾದ ವಾರ ಹೌದು, ಅಂಚು ಮುಟ್ಟಿದ್ದು ಶೇಕಡಾ 1ಕ್ಕಿಂತ ಕಡಿಮೆ, ಮಾನ್ಯ. ಶನಿವಾರದ ಬಗ್ಗೆ ಬರೆಯಲು ಕಾಲಂ ಇಲ್ಲ. ನೀವು ಕೈಯಾರೆ ಅದನ್ನು ತಿದ್ದಬಹುದು ಅನಿಸುತ್ತದೆ, ಬೆರಳು ಕೀಬೋರ್ಡಿನ ಮೇಲಿದೆ. ತಿದ್ದಬೇಡಿ. ಈ ಒಂದನ್ನು ತಿದ್ದಿದರೆ ನೀವು ನೋಡದ ಲಕ್ಷ ಫೈಲುಗಳಿಗೆ ಒಂದು ನ್ಯಾಯ, ಇದಕ್ಕೊಂದು ನ್ಯಾಯ ಆಗುತ್ತದೆ. ಅಂಚೆಯ ವ್ಯಾನು ಸೇರಿದಂತೆ ಮೂಲದ ಅಷ್ಟೂ ಅಂಕಿಗಳು ಒಂದೂ ಅಳಿಯದೆ ಹಾಗೆಯೇ ಉಳಿದಿವೆ, ಅನುಮತಿ ಪಡೆದ ಸಂಶೋಧಕರು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಉಷ್ಣತೆಯನ್ನೂ ಕೇಳುವ ನಿಯಮವನ್ನು ನಾಳೆ ಯಾರೋ ಬರೆದು ಎಲ್ಲ ಫೈಲುಗಳ ಮೇಲೂ ಓಡಿಸಿದರೆ ಆ ಎಪ್ಪತ್ತು ನಿಮಿಷ ತಾನಾಗಿ ಮರಳಿ ಬರುತ್ತದೆ. ಆ ನಿಯಮ ನೀವೇ ಬರೆಯುವುದಾದರೆ ಮೊದಲು ತೀರ್ಮಾನಿಸಬೇಕಾದ್ದು ಇಷ್ಟು: ಎಷ್ಟು ಡಿಗ್ರಿ ಇಳಿದರೆ ಬಿಚ್ಚಿಟ್ಟಂತೆ, ಮತ್ತು ಅಕ್ಟೋಬರಿನಲ್ಲಿ ಹೀಟರ್ ಹಾಕದ ಮನೆಯಲ್ಲಿ ತಣ್ಣಗಾದ ಕೈಯನ್ನು ಏನು ಮಾಡುವುದು.